ಮಗುವಿನ ವೇಷದಿಂದ ನಾಯಕಿಯ ಪಾತ್ರಕ್ಕೆ: ತೆಲುಗು ಚಿತ್ರರಂಗದ ಬಾಲನಟಿಯರು

1972ರಲ್ಲಿ ತೆರೆಕಂಡ ತೆಲುಗಿನ ‘ಬಡಿ ಪಂತುಲು’ ಚಿತ್ರದಲ್ಲಿ ಎನ್.ಟಿ. ರಾಮರಾವ್ ವಯಸ್ಸಾದ ಶಾಲಾಮೇಷ್ಟರು. ಒಂಬತ್ತು ವರ್ಷದ ಶ್ರೀದೇವಿ ಅವರ ಮೊಮ್ಮಗಳು. ಬಿ.ಆರ್. ಪಂತುಲು ಅವರ ಕನ್ನಡದ ‘ಸ್ಕೂಲ್ ಮಾಸ್ಟರ್’ (1958) ಕಥೆಯನ್ನೇ ತೆಲುಗಿಗೆ ತಂದ ಚಿತ್ರ ಅದು. ಏಳು ವರ್ಷದ ಮೇಲೆ, 1979ರಲ್ಲಿ, ಕೆ. ರಾಘವೇಂದ್ರ ರಾವ್ ನಿರ್ದೇಶನದ ‘ವೇಟಗಾಡು’ ಬಂತು. ನಾಯಕ ಅದೇ ರಾಮರಾವ್, ವಯಸ್ಸು 56. ನಾಯಕಿ ಅದೇ ಶ್ರೀದೇವಿ, ಹದಿನಾರರ ಆಸುಪಾಸು. ಚಿತ್ರ ಭರ್ಜರಿಯಾಗಿ ಓಡಿತು. ಮೊಮ್ಮಗಳಾಗಿದ್ದವಳು ಜೋಡಿಯಾಗಿ ಕುಣಿದದ್ದು ಪ್ರೇಕ್ಷಕರ ಉತ್ಸಾಹಕ್ಕೆ ಅಡ್ಡಿಯಾಗಲಿಲ್ಲ.

ತೆಲುಗು ಚಿತ್ರರಂಗದಲ್ಲಿ ಬಾಲನಟಿಯರು ದೊಡ್ಡವರಾದ ಬಗೆ ತಿಳಿಯಬೇಕೆಂದರೆ ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಾಕು. ನಾಯಕನ ವಯಸ್ಸು ನಿಂತಲ್ಲೇ ನಿಂತಿದೆ, ಹುಡುಗಿ ಮಾತ್ರ ಅವಸರದಲ್ಲಿ ಬೆಳೆದು ಬಂದಿದ್ದಾಳೆ. ಮದರಾಸಿನಲ್ಲಿ ಕಣ್ಣುಬಿಟ್ಟು ಹೈದರಾಬಾದಿನಲ್ಲಿ ನೆಲೆ ಕಂಡ ಈ ಉದ್ಯಮದಲ್ಲಿ ಆ ಅವಸರ ಹೇಗೆ ಹುಟ್ಟಿತು, ಈಗ ಎಷ್ಟು ಕಡಿಮೆಯಾಗಿದೆ ಎಂಬುದು ಮುಂದಿನ ವಿಷಯ.

1936: ಮಕ್ಕಳೇ ತುಂಬಿದ ಚಿತ್ರ

ತೆಲುಗು ಟಾಕಿ ಶುರುವಾಗಿ ಇನ್ನೂ ಐದು ವರ್ಷವಾಗಿರಲಿಲ್ಲ. ನಿರ್ದೇಶಕ ಸಿ. ಪುಲ್ಲಯ್ಯ ‘ಸತಿ ಅನಸೂಯ’ ಚಿತ್ರವನ್ನು ಪೂರ್ತಿ ಮಕ್ಕಳನ್ನೇ ಹಾಕಿ ತೆಗೆದರು. ಅನಸೂಯೆಯಾದವಳು ಪಶ್ಚಿಮ ಗೋದಾವರಿ ಜಿಲ್ಲೆಯ ಪಂಗಿಡಿಗೂಡೆಂನ ಕೃಷ್ಣವೇಣಿ. ನಾಟಕದ ರಂಗದಿಂದ ಬಂದ ಈ ಹುಡುಗಿಗೆ ಆಗ ಹನ್ನೆರಡೂ ತುಂಬಿರಲಿಲ್ಲ. ಆ ಕಾಲದಲ್ಲಿ ನಟಿಯಾಗಬೇಕಾದರೆ ಹಾಡಲು ಬರಲೇಬೇಕಿತ್ತು, ಆಕೆಗೆ ಬರುತ್ತಿತ್ತು.

ಮುಂದೆ ಆಕೆ ನಾಯಕಿಯಾದರು, ಮಿರ್ಜಾಪುರಂ ಜಮೀನ್ದಾರರನ್ನು ಮದುವೆಯಾದರು, ಪತಿಯ ಶೋಭನಾಚಲ ಸ್ಟುಡಿಯೋದ ವ್ಯವಹಾರಕ್ಕೆ ಕೈಹಾಕಿ ನಿರ್ಮಾಪಕಿಯೂ ಆದರು. 1949ರ ‘ಮನ ದೇಶಂ’ ಅವರದೇ ನಿರ್ಮಾಣ. ಎಲ್.ವಿ. ಪ್ರಸಾದ್ ನಿರ್ದೇಶಿಸಿದ ಆ ಚಿತ್ರದಲ್ಲಿ ಪೊಲೀಸ್ ಅಧಿಕಾರಿಯ ಸಣ್ಣ ಪಾತ್ರಕ್ಕೆ ಹೊಸ ಹುಡುಗನೊಬ್ಬನನ್ನು ಆರಿಸಿದರು. ಅವನೇ ಎನ್.ಟಿ. ರಾಮರಾವ್. ತೆಲುಗಿನ ಅತಿ ದೊಡ್ಡ ನಾಯಕನಿಗೆ ಮೊದಲ ಅವಕಾಶ ಕೊಟ್ಟದ್ದು ಒಬ್ಬ ಮಾಜಿ ಬಾಲನಟಿ ಎಂಬುದು ಅಲ್ಲಿನ ಇತಿಹಾಸದಲ್ಲಿ ಸಾಕಷ್ಟು ಎತ್ತಿ ಹೇಳದ ಸಂಗತಿ. ಕೃಷ್ಣವೇಣಿ 2025ರ ಫೆಬ್ರುವರಿ 16ರಂದು ಹೈದರಾಬಾದಿನಲ್ಲಿ ನಿಧನರಾದಾಗ ಅವರಿಗೆ ನೂರು ದಾಟಿತ್ತು. ಪಾತ್ರ ಕೇಳುವ ಜಾಗದಿಂದ ಪಾತ್ರ ಕೊಡುವ ಜಾಗಕ್ಕೆ ದಾಟಿದ ಬಾಲನಟಿಯರು ಆಮೇಲೆ ತೀರಾ ವಿರಳ.

ಗಂಡುಮಗುವಿನ ವೇಷ

ಹಳೆಯ ಚಿತ್ರಗಳನ್ನು ಸಾಲಾಗಿ ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಎವಿಎಂ ಸಂಸ್ಥೆಯ ‘ಭಕ್ತ ಪ್ರಹ್ಲಾದ’ (1967) ಚಿತ್ರದಲ್ಲಿ ಎಸ್.ವಿ. ರಂಗರಾವ್ ಹಿರಣ್ಯಕಶಿಪು, ಪ್ರಹ್ಲಾದನ ವೇಷ ಹಾಕಿದ್ದು ರೋಜಾರಮಣಿ ಎಂಬ ಪುಟ್ಟ ಹುಡುಗಿ. 1969ರ ತಮಿಳಿನ ‘ತುಣೈವನ್’ನಲ್ಲಿ ಬಾಲಮುರುಗನಾಗಿ ಬಂದವಳು ಶ್ರೀದೇವಿ. 1975ರ ತೆಲುಗು ‘ಯಶೋದಾ ಕೃಷ್ಣ’ದಲ್ಲಿ ಬಾಲಕೃಷ್ಣನಾಗಿ ಬಣ್ಣ ಹಚ್ಚಿದವಳು ರೋಹಿಣಿ. ಕೆ. ವಿಶ್ವನಾಥ್ ಅವರ ‘ಶಂಕರಾಭರಣಂ’ (1980) ಚಿತ್ರದಲ್ಲಿ ಶಂಕರಶಾಸ್ತ್ರಿಗಳ ಬಳಿ ಸಂಗೀತ ಕಲಿಯುವ ಹುಡುಗ ಶಂಕರನೂ ನಿಜಕ್ಕೆ ಹುಡುಗಿಯೇ, ಹೆಸರು ತುಳಸಿ. ನಮ್ಮ ಮಾಲಾಶ್ರೀ ಕೂಡ ತಮಿಳು, ತೆಲುಗಿನಲ್ಲಿ ಬೇಬಿ ದುರ್ಗಾ ಆಗಿದ್ದಾಗ ಗಂಡುಹುಡುಗನ ವೇಷ ಹಾಕಿದ್ದುಂಟು.

ಕಾರಣ ಊಹಿಸಲು ಕಷ್ಟವಿಲ್ಲ. ಬಾಲದೇವರ ಮುಖಕ್ಕೆ ಬೇಕಾದ ಮಾರ್ದವ, ಹೇಳಿದಂತೆ ಕೇಳುವ ಸ್ವಭಾವ, ನೃತ್ಯದ ಪಾಠ ಇವೆಲ್ಲ ಹುಡುಗಿಯರಲ್ಲೇ ಸುಲಭವಾಗಿ ಸಿಗುತ್ತಿದ್ದವು. ಮಗುವಾಗಿರುವಷ್ಟು ದಿನ ಹೆಣ್ಣೋ ಗಂಡೋ ಎಂಬುದನ್ನು ಕ್ಯಾಮೆರಾ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಹನ್ನೆರಡು, ಹದಿಮೂರು ತುಂಬುತ್ತಿದ್ದಂತೆ ಅದೇ ಕ್ಯಾಮೆರಾಕ್ಕೆ ಹೆಣ್ಣೆಂಬುದೊಂದೇ ಲೆಕ್ಕವಾಗುತ್ತಿತ್ತು. ನಿನ್ನೆಯ ಮುರುಗ ಇಂದು ಲಂಗದಾವಣಿ ಉಟ್ಟು ಹಾಡಬೇಕು. ನಡುವೆ ಒಂದು ವಯಸ್ಸು ಇದೆ, ಆ ವಯಸ್ಸಿಗೂ ಕಥೆಗಳಿವೆ ಎಂದು ಯಾರೂ ಯೋಚಿಸಿದಂತಿಲ್ಲ. ಹದಿಮೂರರ ಹುಡುಗಿಯನ್ನು ಹದಿಮೂರರ ಹುಡುಗಿಯಾಗಿಯೇ ತೋರಿಸಿದ ತೆಲುಗು ಚಿತ್ರಗಳನ್ನು ಎಣಿಸಲು ಬೆರಳುಗಳು ಹೆಚ್ಚಾಗುತ್ತವೆ.

ಮದರಾಸಿನ ಮಕ್ಕಳು

ಗಂಡುವೇಷ ಹಾಕಿದ ಈ ಹುಡುಗಿಯರಲ್ಲಿ ಒಂದು ಸಾಮ್ಯವಿದೆ. ಇವರೆಲ್ಲ ಮದರಾಸಿನ ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲಿ ಬೆಳೆದವರು. 1970ರ ದಶಕದವರೆಗೆ ತಮಿಳು, ತೆಲುಗು, ಕನ್ನಡ, ಮಲಯಾಳಂ ನಾಲ್ಕಕ್ಕೂ ಮದರಾಸೇ ಕಾರ್ಖಾನೆ. ಒಂದು ಫ್ಲೋರಿನಲ್ಲಿ ತೆಲುಗು ಪೌರಾಣಿಕ, ಪಕ್ಕದ ಫ್ಲೋರಿನಲ್ಲಿ ಕನ್ನಡದ ಸಾಮಾಜಿಕ. ಚುರುಕಾದ ಮಗುವೊಂದು ಸಿಕ್ಕಿತೆಂದರೆ ನಾಲ್ಕು ಭಾಷೆಯ ನಿರ್ದೇಶಕರಿಗೂ ಸುದ್ದಿ ಮುಟ್ಟುತ್ತಿತ್ತು. ಹೀಗೆ ಹತ್ತು ವರ್ಷಕ್ಕೆಲ್ಲ ನಾಲ್ಕು ಭಾಷೆಯ ಸಂಭಾಷಣೆ ಒಪ್ಪಿಸಬಲ್ಲ, ಹತ್ತಾರು ಚಿತ್ರಗಳ ಅನುಭವವಿರುವ ಮಕ್ಕಳು ಅಲ್ಲಿ ತಯಾರಾದರು. ಅವರನ್ನು ಬಿಟ್ಟು ಹೊಸ ನಾಯಕಿಯನ್ನು ಹುಡುಕುವ ಗರಜು ನಿರ್ಮಾಪಕರಿಗೆ ಇರಲಿಲ್ಲ. ಹುಡುಗಿ ಸ್ವಲ್ಪ ಎತ್ತರವಾದರೆ ಸಾಕಿತ್ತು.

ಉದ್ಯಮ ನಿಧಾನವಾಗಿ ಹೈದರಾಬಾದಿಗೆ ಜರುಗಿದಾಗ ಈ ವ್ಯವಸ್ಥೆ ಒಡೆಯಿತು. ಅಮೀರ್‌ಪೇಟೆಯ ಸಾರಥಿ ಸ್ಟುಡಿಯೋ 1950ರ ದಶಕದಲ್ಲೇ ಬಂದಿತ್ತು. ಅಕ್ಕಿನೇನಿ ನಾಗೇಶ್ವರರಾವ್ ಹೈದರಾಬಾದಿಗೆ ಬಂದು ನೆಲೆಸಿ 1970ರ ದಶಕದಲ್ಲಿ ಅನ್ನಪೂರ್ಣ ಸ್ಟುಡಿಯೋ ಕಟ್ಟಿಸಿದರು. ನಟ ಕೃಷ್ಣ ಅವರ ಪದ್ಮಾಲಯ, ಡಿ. ರಾಮಾನಾಯ್ಡು ಅವರ ಸ್ಟುಡಿಯೋ, 1996ರಲ್ಲಿ ರಾಮೋಜಿ ಫಿಲ್ಮ್ ಸಿಟಿ ಒಂದೊಂದಾಗಿ ಸೇರಿಕೊಂಡವು. ಫಿಲ್ಮ್‌ನಗರದಲ್ಲಿ ನಿರ್ಮಾಪಕರು, ಕೃಷ್ಣಾನಗರದಲ್ಲಿ ಜೂನಿಯರ್ ಆರ್ಟಿಸ್ಟುಗಳು ಎಂಬ ಊರೊಳಗಿನ ಊರು ಬೆಳೆಯಿತು. ಕನ್ನಡ ಬೆಂಗಳೂರಿಗೆ ಬಂತು, ಮಲಯಾಳಂ ಕೇರಳಕ್ಕೆ ಮರಳಿತು. ಆಮೇಲೆ ಹೈದರಾಬಾದಿನಲ್ಲಿ ಸಿಕ್ಕ ಬಾಲನಟಿಗೆ ತೆಲುಗೊಂದೇ ಅಂಗಳ. ನಾಯಕಿಯರು ಮಾತ್ರ ಮುಂಬಯಿಯಿಂದ, ಕೇರಳದಿಂದ, ನಮ್ಮ ಬೆಂಗಳೂರು, ಮಂಗಳೂರಿನಿಂದ ವಿಮಾನ ಹತ್ತಿ ಬರತೊಡಗಿದರು.

ಶ್ರೀದೇವಿ: ಮಧ್ಯಂತರವಿಲ್ಲದ ಬೆಳವಣಿಗೆ

ಶಿವಕಾಶಿ ಬಳಿಯ ಮೀನಂಪಟ್ಟಿಯಲ್ಲಿ 1963ರ ಆಗಸ್ಟ್ 13ರಂದು ಹುಟ್ಟಿದ ಶ್ರೀದೇವಿಯ ತಂದೆ ಅಯ್ಯಪ್ಪನ್ ವಕೀಲರು. ತಾಯಿ ರಾಜೇಶ್ವರಿ ತಿರುಪತಿಯವರು, ಹಾಗಾಗಿ ತೆಲುಗು ಮನೆಯಲ್ಲೇ ಇತ್ತು. ಮಗಳ ಜೊತೆ ಸೆಟ್ಟಿಗೆ ಬರುತ್ತಿದ್ದವರು, ಕಾಲ್‌ಶೀಟ್ ನೋಡಿಕೊಳ್ಳುತ್ತಿದ್ದವರು ಈ ತಾಯಿಯೇ. ಬಾಲನಟಿಯಾಗಿ ಶ್ರೀದೇವಿ ನಾಲ್ಕೂ ಭಾಷೆಗಳಲ್ಲಿ ದುಡಿದರು. ಮಲಯಾಳಂನ ‘ಪೂಂಪಾಟ್ಟ’ (1971) ಅವರಿಗೆ ಕೇರಳ ಸರ್ಕಾರದ ಬಾಲನಟಿ ಪ್ರಶಸ್ತಿ ತಂದಿತು. ಹುಣಸೂರು ಕೃಷ್ಣಮೂರ್ತಿ ಅವರ ‘ಭಕ್ತ ಕುಂಬಾರ’ (1974) ಚಿತ್ರದಲ್ಲಿ ರಾಜ್‌ಕುಮಾರ್ ಜೊತೆ ಕಾಣಿಸಿಕೊಂಡ ಆ ಹುಡುಗಿಯನ್ನು ಕನ್ನಡದ ಹಿರಿಯ ಪ್ರೇಕ್ಷಕರು ಮರೆತಿರಲಾರರು.

1976ರಲ್ಲಿ ಕೆ. ಬಾಲಚಂದರ್ ‘ಮೂನ್ರು ಮುಡಿಚ್ಚು’ ತೆಗೆದಾಗ ಶ್ರೀದೇವಿಗೆ ಹದಿಮೂರು. ತೆಲುಗಿನ ‘ಓ ಸೀತ ಕಥ’ದ ತಮಿಳು ರೂಪ ಇದು. ಕಮಲಹಾಸನ್‌ಗೆ ಪ್ರೇಯಸಿ, ರಜನಿಕಾಂತ್‌ಗೆ ಮಲತಾಯಿ. ಹದಿಮೂರರ ಹುಡುಗಿಗೆ ಸಿಕ್ಕ ಮೊದಲ ದೊಡ್ಡ ಪಾತ್ರ ಇಂಥದ್ದು. ಮರುವರ್ಷ ಭಾರತಿರಾಜ ಅವರ ‘16 ವಯದಿನಿಲೇ’, 1978ರಲ್ಲಿ ಅದರ ತೆಲುಗು ಅವತರಣಿಕೆ ‘ಪದಹಾರೇಳ್ಳ ವಯಸು’. ಹದಿನಾರು ವಯಸ್ಸಿನ ಹುಡುಗಿಯ ಕಥೆಯನ್ನು ಹದಿನಾರು ತುಂಬುವ ಮೊದಲೇ ಎರಡು ಭಾಷೆಯಲ್ಲಿ ನಟಿಸಿ ಮುಗಿಸಿದ್ದರು. 1979ರಲ್ಲಿ ಕನ್ನಡದ ‘ಪ್ರಿಯಾ’ ಬಂತು. ರಜನಿಕಾಂತ್, ಅಂಬರೀಶ್ ಜೊತೆ.

ಆಮೇಲಿನ ನಾಲ್ಕು ವರ್ಷ ತೆಲುಗಿನ ಮಟ್ಟಿಗೆ ಶ್ರೀದೇವಿಯದೇ ರಾಜ್ಯ. ರಾಮರಾವ್ ಜೊತೆ ‘ಸರ್ದಾರ್ ಪಾಪರಾಯುಡು’, ‘ಕೊಂಡವೀಟಿ ಸಿಂಹಂ’, ‘ಬೊಬ್ಬಿಲಿ ಪುಲಿ’. ನಾಗೇಶ್ವರರಾವ್ ಜೊತೆ ದಾಸರಿ ನಾರಾಯಣರಾವ್ ಅವರ ‘ಪ್ರೇಮಾಭಿಷೇಕಂ’ (1981). ನಾಗೇಶ್ವರರಾವ್‌ಗೆ ಜೋಡಿಯಾದ ಆಕೆ 1988ರ ‘ಆಖರಿ ಪೋರಾಟಂ’ನಲ್ಲಿ ಅವರ ಮಗ ನಾಗಾರ್ಜುನನಿಗೂ ಜೋಡಿ. ಪದ್ಮಾಲಯದವರು ಕೃಷ್ಣ ಅವರ ‘ಊರುಕಿ ಮೊನಗಾಡು’ ಚಿತ್ರವನ್ನು ಹಿಂದಿಗೆ ಒಯ್ದು ‘ಹಿಮ್ಮತ್‌ವಾಲಾ’ (1983) ಮಾಡಿದಾಗ ರಾಘವೇಂದ್ರ ರಾವ್ ಆಕೆಯನ್ನೇ ನಾಯಕಿಯಾಗಿಸಿದರು. ಮುಂಬಯಿಯ ಬಾಗಿಲು ತೆರೆದದ್ದು ಹೈದರಾಬಾದಿನವರ ಕೈಯಿಂದ.

ಶ್ರೀದೇವಿಯ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ನಾಲ್ಕರಿಂದ ಮೂವತ್ತರವರೆಗೆ ಕ್ಯಾಮೆರಾದ ಮುಂದಿನಿಂದ ಸರಿಯದ ಬದುಕದು. ‘ಜಗದೇಕವೀರುಡು ಅತಿಲೋಕ ಸುಂದರಿ’ಯ (1990) ಇಂದ್ರಜೆಯಲ್ಲಿ ಕಾಣುವ ಮಗುತನ ಬಹುಶಃ ಬಿಡುವು ಸಿಗದ ಬಾಲ್ಯವೇ ತಡವಾಗಿ ಹೊರಬಂದದ್ದು ಎಂದು ನನಗೆ ಅನ್ನಿಸುವುದುಂಟು, ಇದು ಪುರಾವೆಯಿಲ್ಲದ ಮಾತು, ಪ್ರೇಕ್ಷಕನ ಅನಿಸಿಕೆ ಎಂದಷ್ಟೇ ತೆಗೆದುಕೊಳ್ಳಿ.

ಮೀನಾ ಮತ್ತು ಮಾಲಾಶ್ರೀ

1990ರ ಆಸುಪಾಸಿನಲ್ಲಿ ಮದರಾಸಿನ ಕೊನೆಯ ತಂಡ ನಾಯಕಿಯರಾಗಿ ಬಡ್ತಿ ಪಡೆಯಿತು. ಕನ್ನಡದಲ್ಲಿ ‘ನಂಜುಂಡಿ ಕಲ್ಯಾಣ’ (1989) ಗೆದ್ದ ಮೇಲೆ ದುರ್ಗಾ ಮಾಲಾಶ್ರೀಯಾಗಿ ಮನೆಮಾತಾದರು. ಮರುವರ್ಷ ರಾಮಾನಾಯ್ಡು ನಿರ್ಮಾಣದ ತೆಲುಗು ‘ಪ್ರೇಮ ಖೈದಿ’ಗೂ ಅವರೇ ನಾಯಕಿ. ಅದರ ನಾಯಕ ಹರೀಶ್ ಕೂಡ ಬಾಲನಟನಾಗಿದ್ದವನೇ. ಇಬ್ಬರೂ ಹದಿಹರೆಯದವರು, ಕಥೆಯೂ ಹದಿಹರೆಯದ್ದು. ಜೋಡಿ ಸಹಜವಾಗಿ ಕಂಡದ್ದು ಅದಕ್ಕೇ. ಮುಂದೆ ಮಾಲಾಶ್ರೀ ಕನ್ನಡದಲ್ಲಿ ನಾಯಕನಿಲ್ಲದೆಯೂ ಚಿತ್ರ ಓಡಿಸಬಲ್ಲ ತಾರೆಯಾದ ಕಥೆ ಕನ್ನಡ ಓದುಗರಿಗೆ ಹೊಸತಲ್ಲ.

ಮೀನಾ ಅವರದು ಇನ್ನೊಂದು ಬಗೆ. 1976ರಲ್ಲಿ ಹುಟ್ಟಿದ ಅವರು 1982ರಲ್ಲಿ ಶಿವಾಜಿ ಗಣೇಶನ್ ಅವರ ‘ನೆಂಜಂಗಳ್’ ಮೂಲಕ ಬಾಲನಟಿಯಾದರು. 1984ರ ‘ಅನ್ಬುಳ್ಳ ರಜನಿಕಾಂತ್’ನಲ್ಲಿ ರಜನಿಯನ್ನು ಅಂಕಲ್ ಎನ್ನುವ ಕಾಯಿಲೆಯ ಮಗು, ಒಂಬತ್ತು ವರ್ಷದ ಬಳಿಕ ‘ಯಜಮಾನ್’ನಲ್ಲಿ ಅವರ ಹೆಂಡತಿ. ಶ್ರೀದೇವಿಯ ಕಥೆಯೇ ಮತ್ತೆ ನಡೆದಂತೆ ಕಾಣುತ್ತದೆ. ಆದರೆ ತೆಲುಗಿನಲ್ಲಿ ಮೀನಾಗೆ ಹೆಸರು ತಂದ ಚಿತ್ರ ಬೇರೆಯದು. ಕ್ರಾಂತಿಕುಮಾರ್ ನಿರ್ದೇಶಿಸಿದ ‘ಸೀತಾರಾಮಯ್ಯ ಗಾರಿ ಮನವರಾಲು’ 1991ರ ಸಂಕ್ರಾಂತಿಯ ಹೊತ್ತಿಗೆ ಬಂತು. ಹೆಸರೇ ಹೇಳುವಂತೆ ಅಲ್ಲಿ ನಾಗೇಶ್ವರರಾವ್ ತಾತ, ಹದಿನಾಲ್ಕರ ಮೀನಾ ಮೊಮ್ಮಗಳು. ಚಿತ್ರದ ಜೀವ ತಾತ ಮೊಮ್ಮಗಳ ಬಾಂಧವ್ಯದಲ್ಲಿದೆ, ಪ್ರೇಮಕಥೆಯಲ್ಲಿ ಇಲ್ಲ. ಬಾಲನಟಿಯನ್ನು ದೊಡ್ಡ ಪಾತ್ರಕ್ಕೆ ದಾಟಿಸಲು ಇಷ್ಟು ಮರ್ಯಾದೆಯ ಸೇತುವೆಯನ್ನು ತೆಲುಗು ಚಿತ್ರರಂಗ ಮತ್ತೆ ಹೆಚ್ಚು ಕಟ್ಟಲಿಲ್ಲ. ಮರುವರ್ಷ ‘ಚಂಟಿ’, ‘ಸುಂದರಕಾಂಡ’. ವೆಂಕಟೇಶ್ ಜೊತೆಗಿನ ಜೋಡಿ ಹೈದರಾಬಾದಿನಲ್ಲಿ ಬೇರೂರಿತು. ಕನ್ನಡದಲ್ಲಿ ‘ಪುಟ್ನಂಜ’ (1995), ಸುದೀಪ್ ಜೊತೆಗಿನ ‘ಸ್ವಾತಿಮುತ್ತು’ (2003), ‘ಮೈ ಆಟೋಗ್ರಾಫ್’ (2006) ಮೀನಾಗೆ ಇಲ್ಲೂ ಸ್ವಂತ ಊರಿನಂಥ ಸ್ಥಾನ ಕೊಟ್ಟವು.

ರಾಮ ನಾಯಕನಾದ, ಸೀತೆ?

ಹುಡುಗರ ಲೆಕ್ಕವೇ ಬೇರೆ. ಮಹೇಶ್ ಬಾಬು 1990ರ ‘ಬಾಲಚಂದ್ರುಡು’ವರೆಗೆ ಬಾಲನಟ. ಓದು ಮುಗಿಯಲಿ ಎಂದು ತಂದೆ ಕೃಷ್ಣ ನಿಲ್ಲಿಸಿದರು. ಒಂಬತ್ತು ವರ್ಷದ ಬಿಡುವಿನ ಮೇಲೆ 1999ರಲ್ಲಿ ‘ರಾಜಕುಮಾರುಡು’. ಪುನೀತ್ ರಾಜ್‌ಕುಮಾರ್ ‘ಬೆಟ್ಟದ ಹೂವು’ (1985) ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಹುಡುಗ, ‘ಅಪ್ಪು’ (2002) ಆಗುವ ಹೊತ್ತಿಗೆ 27. ತಂದೆಯ ಹೆಸರು, ಮನೆಯ ಬ್ಯಾನರು, ಕಾಯುವ ಅಭಿಮಾನಿಗಳು ಇದ್ದವರಿಗೆ ಬಿಡುವು ನಷ್ಟವಲ್ಲ. ಸಾಧಾರಣ ಮನೆಯಿಂದ ಬಂದ ಬಾಲನಟಿಗೆ ಎರಡು ವರ್ಷ ಕಾಣದಿದ್ದರೆ ಹೆಸರೇ ಅಳಿಸಿಹೋಗುತ್ತಿತ್ತು.

ಇದಕ್ಕೆ ಒಂದೇ ಚಿತ್ರದೊಳಗಿನ ಉದಾಹರಣೆ ಗುಣಶೇಖರ್ ಅವರ ‘ರಾಮಾಯಣಂ’ (1997). 1936ರ ‘ಸತಿ ಅನಸೂಯ’ದಂತೆಯೇ ಇದೂ ಪೂರ್ತಿ ಮಕ್ಕಳ ಚಿತ್ರ; ನಿರ್ಮಾಪಕ ಎಂ.ಎಸ್. ರೆಡ್ಡಿ. ರಾಮನಾದವನು ರಾಮರಾವ್ ಅವರ ಮೊಮ್ಮಗ ಎನ್.ಟಿ.ಆರ್., 2001ರಲ್ಲಿ ಹದಿನೆಂಟು ತುಂಬುತ್ತಲೇ ನಾಯಕ. ಸೀತೆಯಾದ ಸ್ಮಿತಾ ಮಾಧವ್ ಚಿತ್ರರಂಗದ ನಾಯಕಿಯಾಗಲಿಲ್ಲ. ಹೈದರಾಬಾದಿನಲ್ಲಿ ಭರತನಾಟ್ಯ ಕಲಾವಿದೆಯಾಗಿ, ಕರ್ನಾಟಕ ಸಂಗೀತದ ಗಾಯಕಿಯಾಗಿ ಹೆಸರು ಮಾಡಿದರು. ಇದನ್ನು ಸೋಲೆಂದು ಓದುವುದು ಸಿನಿಮಾ ಮಂದಿಯ ಕೆಟ್ಟ ಚಾಳಿ. ವೇದಿಕೆಯ ಮೇಲೆ ಆಕೆಯೇ ಯಜಮಾನಿ.

ಪ್ರೇಕ್ಷಕರು ಒಪ್ಪದಿದ್ದಾಗ

‘ಜಗದೇಕವೀರುಡು’ ಚಿತ್ರದಲ್ಲಿ ಶ್ರೀದೇವಿಯ ಸುತ್ತ ಇರುವ ಮಕ್ಕಳಲ್ಲಿ ಶಾಲಿನಿ, ಶಾಮಿಲಿ ಸಹೋದರಿಯರಿದ್ದಾರೆ. ಶಾಲಿನಿಯನ್ನು 1983ರಲ್ಲಿ ಮಲಯಾಳಂಗೆ ಬಾಲನಟಿಯಾಗಿ ತಂದ ನಿರ್ದೇಶಕ ಫಾಸಿಲ್, ಅವರೇ 1997ರ ‘ಅನಿಯತ್ತಿಪ್ರಾವು’ ಚಿತ್ರದಲ್ಲಿ ನಾಯಕಿಯಾಗಿಸಿದರು. ಕೆಲವೇ ವರ್ಷ ಮೆರೆದು, ಮದುವೆಯಾದ ಮೇಲೆ ಆಕೆ ನಟನೆ ಬಿಟ್ಟರು. ತಂಗಿ ಶಾಮಿಲಿಯದು ಕಷ್ಟದ ದಾರಿ. ‘ಅಂಜಲಿ’ಗೆ ರಾಷ್ಟ್ರಪ್ರಶಸ್ತಿ, ಕನ್ನಡದ ‘ಮತ್ತೆ ಹಾಡಿತು ಕೋಗಿಲೆ’ಯಿಂದ ಇಲ್ಲಿನ ಮನೆಮನೆಯ ಮಗು. 2009ರಲ್ಲಿ ತೆಲುಗಿನ ‘ಓಯ್!’ ಚಿತ್ರದಲ್ಲಿ ಸಿದ್ಧಾರ್ಥ್‌ಗೆ ನಾಯಕಿಯಾಗಿ ಬಂದಾಗ ಜನ ಚಿತ್ರಮಂದಿರಕ್ಕೆ ಹೋದದ್ದು ಆ ಮಗುವನ್ನು ನೋಡಲು. ಚಿತ್ರ ನಿಲ್ಲಲಿಲ್ಲ. ಮಗುವಾಗಿದ್ದಾಗ ಗಳಿಸಿದ ಪ್ರೀತಿ ದೊಡ್ಡವಳಾದಾಗ ತಕರಾರಾಗಿ ತಿರುಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗದು. ಶಾಮಿಲಿ ಈಗ ಚಿತ್ರಕಲಾವಿದೆ.

ಹನ್ಸಿಕಾ ಮೋಟ್ವಾನಿಯ ವಿಷಯದಲ್ಲಿ ತಕರಾರು ಕೊಂಕಿನ ರೂಪ ತಾಳಿತು. 2003ರ ಹಿಂದಿಯ ‘ಕೋಯಿ ಮಿಲ್ ಗಯಾ’ದಲ್ಲಿ ಮಕ್ಕಳ ಗುಂಪಿನಲ್ಲಿದ್ದ ಹುಡುಗಿ 2007ರ ಜನವರಿಯಲ್ಲಿ ಪುರಿ ಜಗನ್ನಾಥ್ ಅವರ ‘ದೇಶಮುದುರು’ ಚಿತ್ರದಲ್ಲಿ ಅಲ್ಲು ಅರ್ಜುನ್‌ಗೆ ನಾಯಕಿ. ಆಗ ಆಕೆಗೆ ಹದಿನೈದು. ಬೇಗ ಬೆಳೆಯಲು ಇಂಜೆಕ್ಷನ್ ತೆಗೆದುಕೊಂಡಳೆಂಬ ಗಾಳಿಮಾತು ವರ್ಷಗಟ್ಟಲೆ ಬೆನ್ನುಹತ್ತಿತು. ತಾಯಿ, ಮಗಳು ಇಬ್ಬರೂ ಅದನ್ನು ಬಹಿರಂಗವಾಗಿ ಅಲ್ಲಗಳೆದಿದ್ದಾರೆ. ಹದಿನೈದರ ಹುಡುಗಿಯನ್ನು ನಾಯಕಿ ಮಾಡಿದವರನ್ನು ಕೇಳಬೇಕಾದ ಪ್ರಶ್ನೆಯನ್ನು ಜನ ಆ ಹುಡುಗಿಯನ್ನು ಕೇಳಿದರು. 2010ರಲ್ಲಿ ಪುನೀತ್ ಜೊತೆ ‘ಬಿಂದಾಸ್’ ಮಾಡಿದಾಗ ಕನ್ನಡದ ಪ್ರೇಕ್ಷಕರಿಗೆ ಈ ಹಿನ್ನೆಲೆ ಅಷ್ಟಾಗಿ ಗೊತ್ತಿರಲಿಲ್ಲ.

ದನಿಯಾಗಿ ಉಳಿದವರು

ನಾಯಕಿಯಾಗುವುದೊಂದೇ ದೊಡ್ಡವಳಾಗುವ ದಾರಿಯಲ್ಲ. ಹೊರಗಿನ ನಾಯಕಿಯರು ಬಂದಷ್ಟೂ ತೆಲುಗಿಗೆ ಡಬ್ಬಿಂಗ್ ಕಲಾವಿದೆಯರು ಬೇಕಾದರು. ಮಗುವಾಗಿದ್ದಾಗಲೇ ಮೈಕಿನ ಮುಂದೆ ಪಳಗಿದ ಬಾಲನಟಿಯರಿಗೆ ಆ ಕೆಲಸ ನೀರು ಕುಡಿದಷ್ಟು ಸಲೀಸು. ಪ್ರಹ್ಲಾದನಾಗಿದ್ದ ರೋಜಾರಮಣಿ ಮಲಯಾಳಂನ ‘ಚೆಂಬರತ್ತಿ’ (1972) ಮೂಲಕ ನಾಯಕಿಯಾದರು, ಮುಂದೆ ತೆಲುಗಿನ ಹತ್ತಾರು ನಾಯಕಿಯರಿಗೆ ದನಿ ಕೊಟ್ಟರು. ಅವರ ಮಗ ತರುಣ್ ‘ಅಂಜಲಿ’ಯ ಮಕ್ಕಳಲ್ಲೊಬ್ಬ, ‘ನುವ್ವೇ ಕಾವಾಲಿ’ (2000) ಚಿತ್ರದಿಂದ ನಾಯಕ. ರೋಹಿಣಿ ಮಲಯಾಳಂ, ತಮಿಳಿನಲ್ಲಿ ನಾಯಕಿಯಾಗಿದ್ದವರು. ತೆಲುಗಿನ ‘ಗೀತಾಂಜಲಿ’ಯ ನಾಯಕಿ ಗಿರಿಜಾ ಮಾತಾಡುವುದು ಅವರ ದನಿಯಲ್ಲಿ. ಅದೇ ರೋಹಿಣಿ 2015ರ ‘ಬಾಹುಬಲಿ’ಯಲ್ಲಿ ಶಿವುಡುವನ್ನು ಸಾಕಿದ ತಾಯಿ. ‘ಶಂಕರಾಭರಣಂ’ನ ತುಳಸಿ ಕನ್ನಡದ ನಿರ್ದೇಶಕ ಶಿವಮಣಿ ಅವರನ್ನು ಮದುವೆಯಾಗಿ, ಬಿಡುವಿನ ನಂತರ ತೆಲುಗು ಚಿತ್ರಗಳ ನೆಚ್ಚಿನ ತಾಯಿಯಾದರು.

ಓದಿ ಬಂದವರು

ಇತ್ತೀಚಿನ ಪೀಳಿಗೆಯಲ್ಲಿ ಒಂದು ಬದಲಾವಣೆ ಎದ್ದು ಕಾಣುತ್ತದೆ. ಬಾಲನಟಿ ಈಗ ಶಾಲೆಗೆ ಮರಳುತ್ತಾಳೆ, ಕಾಲೇಜು ಮುಗಿಸುತ್ತಾಳೆ, ಆಮೇಲೆ ಬೇಕೆನಿಸಿದರೆ ಮರಳಿ ಬರುತ್ತಾಳೆ.

ತೆಲಂಗಾಣದ ಕಾವ್ಯಾ ಕಲ್ಯಾಣ್‌ರಾಮ್ ಅಲ್ಲು ಅರ್ಜುನ್ ನಾಯಕನಾದ ಮೊದಲ ಚಿತ್ರ ‘ಗಂಗೋತ್ರಿ’ಯಲ್ಲಿ (2003) ನಾಯಕಿಯ ಬಾಲ್ಯದ ಪಾತ್ರಧಾರಿ. ಒಂದಿಷ್ಟು ಚಿತ್ರಗಳ ನಂತರ ತೆರೆಯಿಂದ ಸರಿದು ಕಾನೂನು ಓದಿದರು. ಮರಳಿ ಬಂದದ್ದು 2022ರ ‘ಮಸೂದ’ ಚಿತ್ರಕ್ಕೆ. 2023ರ ‘ಬಲಗಂ’ ಅವರ ಹೆಸರನ್ನು ಗಟ್ಟಿ ಮಾಡಿತು. ಹಳ್ಳಿಯ ಸಾವಿನ ಮನೆಯೊಂದರ ಸುತ್ತ ಹೆಣೆದ ಆ ಚಿತ್ರ ಪೂರ್ತಿ ತೆಲಂಗಾಣದ ಆಡುಮಾತಿನಲ್ಲಿದೆ. ಮುಂಬಯಿಯ ನಾಯಕಿಗೆ ಯಾರೋ ದನಿ ಕೊಟ್ಟಿದ್ದರೆ ಆ ಮಾತಿನ ಬನಿ ಬರುತ್ತಿರಲಿಲ್ಲ. ಹೈದರಾಬಾದಿನಲ್ಲೇ ಹುಟ್ಟಿ ಬಾಲನಟಿಯಾಗಿದ್ದ ಶ್ರೀದಿವ್ಯಗೆ ಮಾತ್ರ ತೆಲುಗು ಹೀಗೆ ನೆಲೆ ಕೊಡಲಿಲ್ಲ. ‘ಬಸ್ ಸ್ಟಾಪ್’ (2012) ತೆಲುಗಿನಲ್ಲಿ ಗೆದ್ದರೂ ಆಕೆ ತಾರೆಯಾದದ್ದು ಮರುವರ್ಷ ತಮಿಳಿನ ‘ವರುತ್ತಪಡಾದ ವಾಲಿಬರ್ ಸಂಗಂ’ನಿಂದ. ತೆಲುಗು ನಾಯಕಿಯರೇ ಇಲ್ಲ ಎಂದು ಗೊಣಗುವ ಹೈದರಾಬಾದು ಮನೆಯ ಮಗಳನ್ನು ಪಕ್ಕದೂರಿಗೆ ಬಿಟ್ಟುಕೊಟ್ಟಿತು.

ಬೆಂಗಳೂರಿನ ನಿತ್ಯಾ ಮೆನನ್ 1998ರ ‘ಹನುಮಾನ್’ ಎಂಬ ಇಂಗ್ಲಿಷ್ ಚಿತ್ರದಲ್ಲಿ ಟಬು ಅವರ ತಂಗಿಯಾಗಿದ್ದರು. ಅದನ್ನು ನೋಡಿದವರು ಕಡಿಮೆ, ಹಾಗಾಗಿ ಹೊರಬೇಕಾದ ಹಳೆಯ ಹೆಸರೂ ಇರಲಿಲ್ಲ. ಮಣಿಪಾಲದಲ್ಲಿ ಪತ್ರಿಕೋದ್ಯಮ ಓದಿದ ಆಕೆ ನಂದಿನಿ ರೆಡ್ಡಿ ಅವರ ‘ಅಲಾ ಮೊದಲೈಂದಿ’ (2011) ಮೂಲಕ ತೆಲುಗಿಗೆ ಬಂದರು. ತನ್ನ ಪಾತ್ರಕ್ಕೆ ತಾನೇ ಮಾತಾಡಿದರು, ಹಾಡಿದರು ಕೂಡ.

ನಿವೇದಾ ಥಾಮಸ್ ಅವರದು ಈ ಗುಂಪಿನ ಅತ್ಯುತ್ತಮ ನಿದರ್ಶನ. ಮಲಯಾಳಂನ ‘ವೆರುತೆ ಒರು ಭಾರ್ಯ’ (2008) ಚಿತ್ರಕ್ಕೆ ಕೇರಳ ಸರ್ಕಾರದ ಬಾಲನಟಿ ಪ್ರಶಸ್ತಿ ಪಡೆದ ಅವರು ವಾಸ್ತುಶಿಲ್ಪ ಓದಿದವರು. ತೆಲುಗಿಗೆ ‘ಜಂಟಲ್‌ಮನ್’ (2016) ಮೂಲಕ ಬಂದು, ‘ನಿನ್ನು ಕೋರಿ’, ‘ಬ್ರೋಚೇವಾರೆವರುರಾ’, ‘ವಕೀಲ್ ಸಾಬ್’ ಮಾಡಿದರು. ತಮಿಳಿನ ‘ಪಾಪನಾಸಂ’ನಲ್ಲಿ ಕಮಲಹಾಸನ್‌ಗೆ ಮಗಳು, ‘ದರ್ಬಾರ್’ನಲ್ಲಿ ರಜನಿಕಾಂತ್‌ಗೆ ಮಗಳು. ಒಂದು ಕಾಲದಲ್ಲಿ ಇದೇ ವಯಸ್ಸಿನ ಹುಡುಗಿ ಅವರಿಗೆ ಜೋಡಿಯಾಗುತ್ತಿದ್ದಳು ಎಂಬುದನ್ನು ನೆನೆದರೆ ಕಾಲ ಸ್ವಲ್ಪ ಸರಿಯಾಗಿದೆ ಎನ್ನಬೇಕು. 2024ರ ‘35 ಚಿನ್ನ ಕಥ ಕಾದು’ ಚಿತ್ರದಲ್ಲಿ 28ರ ನಿವೇದಾ ಇಬ್ಬರು ಹುಡುಗರ ತಾಯಿ. ಗಣಿತದಲ್ಲಿ ಪಾಸಾಗದ ಮಗನಿಗೆ ಪಾಠ ಹೇಳಲು ತಾನೇ ಪಾಠ ಕಲಿಯುವ ತಿರುಪತಿಯ ಗೃಹಿಣಿ. ತೆಲಂಗಾಣ ಸರ್ಕಾರದ ಗದ್ದರ್ ಪ್ರಶಸ್ತಿಗಳಲ್ಲಿ 2024ರ ಶ್ರೇಷ್ಠ ನಟಿ ಅವರೇ. ಅದೇ ಚಿತ್ರದ ಹುಡುಗನಿಗೆ ಬಾಲನಟ ಪ್ರಶಸ್ತಿ.

ಎರಡನೆಯ ದಾಟು

ಬಾಲನಟಿ ನಾಯಕಿಯಾಗುವುದು ಮೊದಲ ದಾಟು. ನಾಯಕಿ ತಾಯಿಯಾಗುವುದು ಎರಡನೆಯದು. ಬೇಗ ಶುರುವಾದವರಿಗೆ ಇದೂ ಬೇಗ ಬರುತ್ತದೆ. 2014ರ ತೆಲುಗು ‘ದೃಶ್ಯಂ’ನಲ್ಲಿ ಮೀನಾ ಕಾಲೇಜು ವಯಸ್ಸಿನ ಮಗಳ ತಾಯಿ, ಅವರಿಗೆ ಆಗ 37. ಗಂಡನಾದ ವೆಂಕಟೇಶ್ 1992ರಲ್ಲೂ ಅವರ ನಾಯಕ. ಇಲ್ಲಿ ಮಾತ್ರ ಇಬ್ಬರೂ ಒಟ್ಟಿಗೆ ವಯಸ್ಸಾಗಿದ್ದಾರೆ, ಅದು ಅಪರೂಪ. ಮೀನಾ ಅವರ ಮಗಳು ನೈನಿಕಾ 2016ರಲ್ಲಿ ವಿಜಯ್ ಅವರ ‘ತೆರಿ’ ಚಿತ್ರದಲ್ಲಿ ಬಾಲನಟಿ. ಶ್ರೀದೇವಿ ಹದಿನೈದು ವರ್ಷದ ವಿರಾಮದ ಬಳಿಕ ತಾಯಿಯ ಪಾತ್ರದಲ್ಲೇ ಮರಳಿದರು. ‘ಇಂಗ್ಲಿಷ್ ವಿಂಗ್ಲಿಷ್’ (2012) ಆಗಿನದು. 2018ರ ಫೆಬ್ರುವರಿ 24ರಂದು ದುಬೈನಲ್ಲಿ ತೀರಿಕೊಂಡ ಅವರಿಗೆ ‘ಮಾಮ್’ನ ತಾಯಿ ಪಾತ್ರಕ್ಕೆ ಮರಣಾನಂತರ ರಾಷ್ಟ್ರಪ್ರಶಸ್ತಿ ಬಂತು.

ಕಾನೂನು ಹೇಳುವುದೇನು

ಶ್ರೀದೇವಿ, ಮೀನಾ ಕಾಲದ ಸೆಟ್ಟುಗಳಲ್ಲಿ ಮಗುವಿನ ಹಿತ ಕಾಯುವ ಹೊಣೆ ಪೂರ್ತಿ ತಾಯಿಯದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚಾಪ್ಲಿನ್‌ನ ‘ದ ಕಿಡ್’ನಲ್ಲಿ ನಟಿಸಿದ ಜಾಕಿ ಕೂಗನ್ ತನ್ನ ದುಡಿಮೆಯ ಹಣವನ್ನು ಮನೆಯವರೇ ಖರ್ಚು ಮಾಡಿದರೆಂದು ಕೋರ್ಟಿಗೆ ಹೋದ ಪರಿಣಾಮವಾಗಿ 1939ರಲ್ಲೇ ಮಕ್ಕಳ ಗಳಿಕೆಗೆ ಕಾನೂನಿನ ರಕ್ಷಣೆ ಬಂದಿತ್ತು. ನಮ್ಮಲ್ಲಿ ಅಂಥ ನಿಯಮಕ್ಕೆ 2017ರವರೆಗೆ ಕಾಯಬೇಕಾಯಿತು.

2016ರ ತಿದ್ದುಪಡಿಯ ಪ್ರಕಾರ ಬಾಲಕಾರ್ಮಿಕ ಕಾಯ್ದೆ 14 ತುಂಬದ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ನಟಿಸಲು ಷರತ್ತಿನ ವಿನಾಯಿತಿ ಕೊಟ್ಟಿತು. 2017ರ ನಿಯಮಗಳು ಷರತ್ತುಗಳನ್ನು ಬಿಡಿಸಿ ಹೇಳುತ್ತವೆ. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ವಿಶ್ರಾಂತಿಯಿಲ್ಲದೆ ಸತತ 3 ಗಂಟೆ ದಾಟುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟರ ಅನುಮತಿಯನ್ನು ನಿರ್ಮಾಪಕರು ಮೊದಲೇ ಪಡೆಯಬೇಕು. ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ, ಶಾಲೆಯ ಪಾಠ ತಪ್ಪದಂತೆ ಏರ್ಪಾಡು ಇರಬೇಕು. ಐದು ಮಕ್ಕಳಿಗೆ ಒಬ್ಬರಂತೆ ಹೊಣೆಗಾರರಿರಬೇಕು. ಗಳಿಕೆಯ ಕನಿಷ್ಠ ಶೇ. 20ರಷ್ಟು ಹಣ ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಗೆ ಹೋಗಬೇಕು. ಮಗುವಿಗೆ ಇಷ್ಟವಿಲ್ಲದಿದ್ದರೆ ನಟಿಸುವಂತೆ ಒತ್ತಾಯಿಸುವ ಹಾಗಿಲ್ಲ.

ಈ ನಿಯಮಗಳ ಹರಹು 14ಕ್ಕೆ ಮುಗಿಯುತ್ತದೆ. ಬಾಲನಟಿಯರ ಕಥೆಯಲ್ಲಿ ಅತ್ಯಂತ ಇಕ್ಕಟ್ಟಿನ ವರ್ಷಗಳು 14ರಿಂದ 18. ಮಗುವಿನ ಪಾತ್ರ ಸಿಗದ, ದೊಡ್ಡವರ ಪಾತ್ರಕ್ಕೆ ಎಳೆಯುವ ವರ್ಷಗಳು. ಐದು ಗಂಟೆಯ ಮಿತಿಯೂ ಠೇವಣಿಯೂ ಆ ವರ್ಷಗಳಿಗೆ ಹಬ್ಬಬೇಕು. ಅದು ಆಗುವವರೆಗೆ ನೋಡಿಕೊಳ್ಳಬೇಕಾದವರು ಹೆತ್ತವರು. ನಿಮ್ಮ ಮಗಳನ್ನು ಯಾರಾದರೂ ಚಿತ್ರಕ್ಕೆ, ಧಾರಾವಾಹಿಗೆ ಕರೆದರೆ ಸಂಭಾವನೆ ಕೇಳುವ ಮೊದಲು ಜಿಲ್ಲಾಡಳಿತದ ಅನುಮತಿ ಪತ್ರ ಕೇಳಿ, ಠೇವಣಿಯ ರಸೀದಿ ಕೇಳಿ, ಶಾಲೆಯ ಪಾಠಕ್ಕೆ ಏನು ಏರ್ಪಾಡೆಂದು ಕೇಳಿ. ತಡವರಿಸುವ ನಿರ್ಮಾಪಕರಿಗೆ ಮಗಳನ್ನು ಒಪ್ಪಿಸಬೇಡಿ.